ಅಕ್ಕನಿಗೆ ಮೂರಕ್ಕೆ ಒಂದು

ನಮ್ಮಕ್ಕ ಗೆದ್ದದ್ದು ಒಂದೇ ಒಂದು ಓಟಿನಿಂದ. ಆ ಓಟು ನನ್ನದು. ಅವಳು ಸೋಲಲಿ ಎಂದು ಬಯಸಿ ಅದನ್ನು ಹಾಕಿದವನೂ ನಾನೇ. ಅದು ಹೇಗೆ ಎಂದು ನೀವು ಕೇಳುತ್ತೀರಿ. ಅಡಿಲೇಡ್‌ನ ಕಿಲ್ಬರ್ನ್ ಬಡಾವಣೆಯ ಆ ಮೀಟಿಂಗ್ ಹಾಲಿನಲ್ಲಿ, ಕೈಯಲ್ಲಿ ಅರ್ಧ ತಿಂದ ಬಿಸ್ಕತ್ತು ಹಿಡಿದುಕೊಂಡು, ನಾನೂ ಅದನ್ನೇ ಕೇಳಿದ್ದೆ.

ನಾವು ಮೈಸೂರಿನವರು, ನಾಲ್ಕು ಜನ ಮಕ್ಕಳು. ಅಕ್ಕ ಎಲ್ಲರಿಗಿಂತ ದೊಡ್ಡವಳು, ಅಡಿಲೇಡ್‌ನಲ್ಲಿ ಡಾಕ್ಟರು. ಅವಳ ನಂತರ ಅಣ್ಣ. ಬ್ರಿಸ್ಬೇನ್ ಹತ್ತಿರ ನಾರ್ತ್ ಲೇಕ್ಸ್‌ನಲ್ಲಿ ಮನೆ, ಸಾಫ್ಟ್‌ವೇರ್ ಕೆಲಸ. ಕೊನೆಯವಳು ತಂಗಿ, ಪರ್ತ್‌ನಲ್ಲಿದ್ದಾಳೆ. ವೆಲ್ಷ್‌ಪೂಲ್‌ನ ಒಂದು ಗೋದಾಮಿನ ಆಫೀಸಿನಲ್ಲಿ ಕೂತು ಯಾವ ಲಾರಿ ಯಾವ ಬಾಗಿಲಿಗೆ ಬರಬೇಕು ಎಂದು ಹೇಳುವುದು ಅವಳ ಕೆಲಸ. ಮನೆಯಲ್ಲೂ ಅದನ್ನೇ ಮಾಡುತ್ತಾಳೆ. ಅಣ್ಣ ತಂಗಿಯರ ನಡುವೆ ನಾನು. ಹತ್ತನೇ ಕ್ಲಾಸಿಗೆ ಮೂರು ಸಲ ಕೂತು ಮೂರು ಸಲವೂ ಫೇಲಾದವನು. ಕನ್ನಡದಲ್ಲಿ ಪ್ರತಿ ಸಲವೂ ಪಾಸು. ಗಣಿತ, ಇಂಗ್ಲಿಷು ಮಾತ್ರ ನನ್ನನ್ನು ದಾಟಲು ಬಿಡಲಿಲ್ಲ.

ಅಕ್ಕ ಪಿಯುಸಿಯಲ್ಲಿ ರ‍್ಯಾಂಕ್ ಬಂದವಳು. ಪೇಪರಿನಲ್ಲಿ ಬಂದ ಅವಳ ಫೋಟೋವನ್ನು ಅಪ್ಪ ಕತ್ತರಿಸಿ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದರು. ನನ್ನ ಮಾರ್ಕ್ಸ್ ಕಾರ್ಡೂ ಅಲ್ಲೇ ಇತ್ತು, ಆ ಕಟ್ಟಿನ ಹಿಂದೆ. ಯಾರ ಕಣ್ಣಿಗೂ ಬೀಳಬಾರದೆಂದು ಅಪ್ಪನೇ ಸಿಕ್ಕಿಸಿಟ್ಟಿದ್ದರು.

ನರ್ಸ್ ಆಗಿರುವ ಹೆಂಡತಿಯ ವೀಸಾದ ಬಾಲ ಹಿಡಿದುಕೊಂಡು ನಾನು ಈ ದೇಶಕ್ಕೆ ಬಂದೆ. ಕಿಲ್ಬರ್ನ್‌ನಲ್ಲಿ ಮುರಿದ ಪ್ಯಾಲೆಟ್ ರಿಪೇರಿ ಮಾಡುತ್ತೇನೆ. ಸಾಮಾನು ಪೇರಿಸಿ ಫೋರ್ಕ್‌ಲಿಫ್ಟಿನಲ್ಲಿ ಎತ್ತುತ್ತಾರಲ್ಲ, ಆ ಮರದ ಹಲಗೆಗಳು. ಒಡೆದ ಪಟ್ಟಿ ಕೀಳು, ಹೊಸ ಪಟ್ಟಿ ಇಡು, ಮೊಳೆ ಹೊಡಿ. ಆ ಕೆಲಸ ಹುಡುಕಿಕೊಟ್ಟವಳು ಅಕ್ಕ. ಬಂದ ಹೊಸದರಲ್ಲಿ ನನ್ನ ಒಂದೊಂದು ಫಾರ್ಮನ್ನೂ ಅವಳೇ ತುಂಬಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವಾಗ ನೀವು ನನ್ನನ್ನು ಬಯ್ಯಲು ಅನುಕೂಲವಾಗಲಿ.

ಅಕ್ಕ ಇಲ್ಲಿನ ಒಂದು ಪಕ್ಷದಲ್ಲಿ ಹತ್ತು ವರ್ಷ ದುಡಿದಿದ್ದಾಳೆ. ಮನೆ ಮನೆ ಬಾಗಿಲು ತಟ್ಟಿದ್ದಾಳೆ, ಸಭೆ ಮುಗಿದ ಮೇಲೆ ಕುರ್ಚಿ ಮಡಚಿಟ್ಟಿದ್ದಾಳೆ, ಯಾರ್ಯಾರನ್ನೋ ಗೆಲ್ಲಿಸಲು ಬಕೆಟ್ಟುಗಟ್ಟಲೆ ಪಕೋಡ ಕರಿದಿದ್ದಾಳೆ. ಆ ಸಲದ ಚುನಾವಣೆಗೆ ತಾನೇ ನಿಲ್ಲಬೇಕು ಅನ್ನಿಸಿತು. ನಮ್ಮೂರಲ್ಲಿ ಟಿಕೆಟ್ ಅನ್ನುವುದನ್ನು ದೊಡ್ಡವರು ಎಲ್ಲೋ ಕೂತು ಹಂಚುತ್ತಾರೆ. ಇಲ್ಲಿ ಮೊದಲು ಪಕ್ಷದೊಳಗೇ ಒಂದು ಚುನಾವಣೆ. ಅದನ್ನು ಪ್ರೀಸೆಲೆಕ್ಷನ್ ಅನ್ನುತ್ತಾರೆ. ಕ್ಷೇತ್ರದ ಬಡಾವಣೆಗಳಲ್ಲಿರುವ ಪಕ್ಷದ ಸದಸ್ಯರು ಒಂದು ಹಾಲಿನಲ್ಲಿ ಸೇರಿ, ಚಹಾ ಕುಡಿದು, ನಮ್ಮ ಅಭ್ಯರ್ಥಿ ಯಾರು ಎಂದು ಓಟು ಹಾಕುತ್ತಾರೆ. ನನಗೆ ಖಾಯಂ ವಾಸದ ಕಾಗದ ಬಂದ ವರ್ಷವೇ ಅಕ್ಕ, "ಇಲ್ಲೊಂದು ಸೈನ್ ಹಾಕು," ಅಂದಿದ್ದಳು. ಹಾಕಿದ್ದೆ. ಹಾಗೆ ನಾನೂ ಸದಸ್ಯ. ಸಭೆಗೆ ಹೋಗಿ ಬಿಸ್ಕತ್ತು ತಿಂದು ಬರುತ್ತಿದ್ದೆ.

ಭಾನುವಾರ ನಾವು ನಾಲ್ಕೂ ಜನ ವಿಡಿಯೋ ಕಾಲಿನಲ್ಲಿ ಸೇರುವುದು ರೂಢಿ. ನಮಗೆ ಹತ್ತು ಗಂಟೆಯಾದಾಗ ಅಣ್ಣನಿಗೆ ಹತ್ತೂವರೆ, ತಂಗಿಗೆ ಎಂಟೂವರೆ. ಅಕ್ಕ ಸುದ್ದಿ ಹೇಳಿದ ದಿನ ತಂಗಿಯ ಬಾಯಲ್ಲಿ ಹಲ್ಲುಜ್ಜುವ ಬ್ರಶ್ ಇತ್ತು.

"ಎದುರಿಗೆ ಯಾರ್ಯಾರಿದಾರೆ?" ಅಣ್ಣ ಕೇಳಿದ.

"ಒಬ್ರು ರೈಲ್ವೆ ವರ್ಕ್‌ಶಾಪಲ್ಲಿದ್ದು ರಿಟೈರ್ ಆದೋರು. ಇವನ ಪಕ್ಕದ ಮನೆಯವ್ರೇ. ಇನ್ನೊಬ್ಬ ಲಾಯರ್. ಮೂವತ್ತೂ ಆಗಿಲ್ಲ ಅವನಿಗೆ."

ಅಣ್ಣ ಪಕ್ಕದ ಇನ್ನೊಂದು ಸ್ಕ್ರೀನ್ ನೋಡತೊಡಗಿದ. ಎರಡು ನಿಮಿಷ ಬಿಟ್ಟು, "ಅಕ್ಕ, ಬೇಜಾರ್ ಮಾಡ್ಕೋಬೇಡ. ಈ ಲಾಯರ್ ಚೆನ್ನಾಗಿದಾನೆ. ಬಸ್ ರೂಟ್ ಬಗ್ಗೆ ಹದಿನೆಂಟ್ ಪೇಜ್ ಬರ್ದಿದಾನೆ. ಗ್ರಾಫ್ ಎಲ್ಲಾ ಹಾಕಿದಾನೆ," ಅಂದ.

ತಂಗಿ ಬ್ರಶ್ ತೆಗೆದಳು. "ದೊಡ್ಡಣ್ಣ! ಒಡಹುಟ್ಟಿದೋಳು ನಿಂತಿದಾಳೆ, ನೀನು ಗ್ರಾಫ್ ನೋಡ್ತಿದೀಯಾ? ನಾಚ್ಕೆ ಆಗಲ್ವಾ ನಿಂಗೆ?"

"ಸಂಬಂಧ ನೋಡಿ ಟಿಕೆಟ್ ಕೊಡೋದು ಊರಲ್ಲಿ. ಇಲ್ಲಿ ಮೆರಿಟ್."

"ಮೆರಿಟ್ ಅಂತೆ ಮೆರಿಟ್. ಅವಳ ನೋಟ್ಸ್ ಕದ್ದು ಪಾಸಾದೋನು ನೀನು!"

ಅಕ್ಕನ ಹಿಂದೆ ಬಟ್ಟೆ ಬುಟ್ಟಿ ಹಿಡಿದುಕೊಂಡು ಹೋಗುತ್ತಿದ್ದ ಭಾವ ಒಂದು ಗಳಿಗೆ ನಿಂತು, "ನನ್ನನ್ನ ಎಳೀಬೇಡಿಪ್ಪ. ನಾನು ಯಾವ ಪಕ್ಷಕ್ಕೂ ಸೇರಿಲ್ಲ. ಈ ಮನೇಲಿ ವಿರೋಧ ಪಕ್ಷ, ಅಷ್ಟೇ," ಎಂದು ಹೇಳಿ ಹೋದರು.

ಅಲ್ಲಿಂದ ಆರು ವಾರ ಜಗಳವೋ ಜಗಳ. ಅಣ್ಣ ಫ್ಯಾಮಿಲಿ ಗ್ರೂಪಿಗೆ ಗ್ರಾಫ್ ಕಳಿಸುವನು. ತಂಗಿ ಅದಕ್ಕೆ ಚಪ್ಪಲಿಯ ಚಿತ್ರ ಕಳಿಸುವಳು. ಒಂದು ದಿನ ಅವಳು ಸಿಟ್ಟಿನಿಂದ ಗ್ರೂಪ್ ಬಿಟ್ಟು ಹೋದಳು. ಹೋದದ್ದನ್ನು ಎರಡು ದಿನ ಯಾರೂ ಗಮನಿಸಲಿಲ್ಲ. ಮೂರನೇ ದಿನ ತಾನೇ ನನಗೆ ಫೋನ್ ಮಾಡಿ, "ಸಣ್ಣಣ್ಣ, ನಾನು ಬಿಟ್ಟು ಹೋಗಿದೀನಿ, ಯಾರಾದ್ರೂ ಸೇರ್ಸಿ," ಅಂದಳು. ತಮಾಷೆಯೆಂದರೆ ಇವರಿಬ್ಬರಿಗೂ ಅಲ್ಲಿ ಓಟೇ ಇರಲಿಲ್ಲ. ಅಕ್ಕನನ್ನು ಬಿಟ್ಟರೆ ಮನೆಯಲ್ಲಿ ಓಟು ಇದ್ದದ್ದು ನನಗೊಬ್ಬನಿಗೆ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಹಿತ್ತಿಲಿನ ಕರಿಬೇವು ಹೇಗೆ ಅಕ್ಕನದೋ ನನ್ನ ಓಟೂ ಹಾಗೇ ಅಕ್ಕನದು ಎಂದು ಎಲ್ಲರೂ ತಿಳಿದಿದ್ದರು. ನಾನೂ ತಿಳಿದಿದ್ದೆ.

ಅಭ್ಯರ್ಥಿಗಳ ಭಾಷಣದ ದಿನದವರೆಗೆ.

ಅಂದು ಮಧ್ಯಾಹ್ನ ಮೂವರೂ ಸದಸ್ಯರ ಮುಂದೆ ಐದೈದು ನಿಮಿಷ ಮಾತಾಡಬೇಕಿತ್ತು. ಅಕ್ಕ ಚೆನ್ನಾಗಿಯೇ ಶುರುಮಾಡಿದಳು. ನಡುವೆ ನನ್ನ ಕಡೆ ಕೈ ತೋರಿಸಿದಳು. ನನಗೆ ಇಂಗ್ಲಿಷ್ ಓದುವುದು ಕಷ್ಟ, ಕೇಳಿದರೆ ತಿಳಿಯುತ್ತದೆ. "ಅಲ್ಲಿ ಕೂತಿರುವುದು ನನ್ನ ತಮ್ಮ. ಹತ್ತನೇ ತರಗತಿಯಲ್ಲಿ ಮೂರು ಸಲ ಫೇಲಾದ. ಇವತ್ತು ಇದೇ ಕಿಲ್ಬರ್ನ್‌ನಲ್ಲಿ ಕೈಯಿಂದ ದುಡಿಯುತ್ತಾನೆ. ದುಡಿಯುವವರ ಮನೆ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ," ಅಂದಳು. ಹಾಲಿನಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ಕೆಲವರು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸೊಬ್ಬರು ನನ್ನತ್ತ ನೋಡಿದ ರೀತಿ, ರಸ್ತೆ ದಾಟಿದ ನಾಯಿಮರಿಯನ್ನು ನೋಡುವ ಹಾಗಿತ್ತು. ಫೋಟೋದ ಹಿಂದೆ ಸಿಕ್ಕಿಸಿದ್ದ ಮಾರ್ಕ್ಸ್ ಕಾರ್ಡನ್ನು ಅಕ್ಕ ಸಮುದ್ರದಾಚೆ ತಂದು ಎತ್ತಿ ತೋರಿಸಿದಂತಾಯಿತು.

ನನ್ನ ಪಕ್ಕದಲ್ಲಿ ಕೂತಿದ್ದವರು ಅವಳ ಎದುರಾಳಿ, ನನ್ನ ನೆರೆಯವರು. ಅವರನ್ನು ನಾನೂ ಹೆಂಡತಿಯೂ ನಿಂಬೆ ಅಂಕಲ್ ಅನ್ನುತ್ತೇವೆ. ವರ್ಷಪೂರ್ತಿ ಬೇಲಿಯ ಮೇಲಿಂದ ನಿಂಬೆಹಣ್ಣು ದಾಟಿಸುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ನಾನು ಫೋರ್ಕ್‌ಲಿಫ್ಟ್ ಲೈಸೆನ್ಸಿಗೆ ಓದುವಾಗ ಒಂದು ತಿಂಗಳು ದಿನಾ ಸಂಜೆ ಬೇಲಿಯ ಆಚೆ ನಿಂತು ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಹೇಳಿದವರು ಅವರು. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂಬ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ತಮ್ಮ ಕನ್ನಡಕ ಹೊಸದು, ಅದರ ಪರೀಕ್ಷೆಗೆ ಓದುತ್ತಿದ್ದೇನೆ ಅನ್ನುತ್ತಿದ್ದರು. ಅಂದು ಎಲ್ಲರೂ ನನ್ನನ್ನು ನೋಡುತ್ತಿದ್ದಾಗ ಅವರು ಮಾತ್ರ ಮುಂದೆ ನೋಡುತ್ತ ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಮನೆಗೆ ಹೋಗುವಾಗ, "ನಿಮಗೇ ಓಟು ಹಾಕಲಾ?" ಎಂದು ಕೇಳಿದೆ.

"ನಿನ್ನಕ್ಕನಿಗೆ ಹಾಕು, ಮೇಟ್," ಅಂದರು. "ನಾನಾಗಿದ್ದರೂ ಅದನ್ನೇ ಮಾಡ್ತಿದ್ದೆ."

ಅಷ್ಟು ಸಾಕಾಯಿತು. ಅವರಿಗೇ ಹಾಕಬೇಕೆಂದು ಆ ಕ್ಷಣವೇ ನಿರ್ಧಾರ ಮಾಡಿದೆ.

ಓಟಿನ ಹಿಂದಿನ ದಿನ ಅಕ್ಕ ಫೋನ್ ಮಾಡಿದಳು. "ಲೋ, ನಾಳೆ ಚೀಟಿ ಕೊಡ್ತಾರೆ. ಅದ್ರಲ್ಲಿ ಏನ್ ಮಾಡ್ಬೇಕು ಅಂದ್ರೆ..."

"ಹತ್ತನೇ ಕ್ಲಾಸ್ ಫೇಲಾದೋನಿಗೆ ಓಟ್ ಹಾಕೋಕೂ ಬರಲ್ಲ ಅಂದ್ಕೊಂಡಿದೀಯಾ?"

"ಸರಿ ಕಣೋ. ನಿಂಗೆ ಗೊತ್ತಿರತ್ತೆ," ಎಂದು ಫೋನಿಟ್ಟಳು.

ನನಗೆ ಗೊತ್ತಿರಲಿಲ್ಲ. ಪೌರತ್ವ ಸಿಗದ ನಾನು ಈ ದೇಶದಲ್ಲಿ ಯಾವತ್ತೂ ಓಟು ಹಾಕಿದವನಲ್ಲ. ಊರಲ್ಲಿ ಹಾಕಿದ್ದು ಗುಂಡಿ ಒತ್ತಿ. ಇಲ್ಲಿ ಚುನಾವಣೆ ಬಂದಾಗ ಬೇಲಿಗಳ ಮೇಲೆ ಮುಖದ ಜೊತೆ "ವೋಟ್ ಒನ್" ಎಂದು ಬರೆದ ಪೋಸ್ಟರ್ ನೋಡಿದ್ದೆ. ಪಾಪ, ಒಂದೇ ಒಂದು ಓಟು ಕೊಡಿ ಎಂದು ಎಷ್ಟು ವಿನಯದಿಂದ ಕೇಳುತ್ತಾರಲ್ಲ ಎಂದುಕೊಂಡಿದ್ದೆ.

ಮರುದಿನ ಚೀಟಿ ಕೈಗೆ ಬಂತು. ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಕೆಳಗೆ ಮೂರು ಹೆಸರು, ಪಕ್ಕದಲ್ಲಿ ಮೂರು ಚೌಕ. ನಾಲ್ಕು ಸಾಲಿನಲ್ಲಿ ನನಗೆ ಸಿಕ್ಕಿದ್ದು ನಂಬರ್ ಎಂಬ ಪದ, ಒಂದು, ಎರಡು, ಮೂರು ಎಂಬ ಅಂಕಿ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮೂರು ಜನ, ಮೂರು ಅಂಕಿ. ಇದು ಮಾರ್ಕ್ಸು! ಜೀವನದಲ್ಲಿ ಮೊದಲ ಸಲ ಮಾರ್ಕ್ಸ್ ಕೊಡುವ ಪೆನ್ಸಿಲ್ ನನ್ನ ಕೈಯಲ್ಲಿತ್ತು. ನಿಂಬೆ ಅಂಕಲ್‌ಗೆ ಮೂರಕ್ಕೆ ಮೂರು. ಲಾಯರ್‌ಗೆ, ಬಸ್ಸಿನ ಗ್ರಾಫಿಗೋಸ್ಕರ, ಎರಡು. ಅಕ್ಕನ ಹೆಸರಿನ ಮುಂದೆ ಒಂದು. ಕಾಗದ ಹರಿಯುವಷ್ಟು ಒತ್ತಿ ಬರೆದೆ.

ಆಮೇಲೆ ಎಣಿಕೆ. ಪ್ರತಿ ಅಭ್ಯರ್ಥಿಯ ಪರವಾಗಿ ಒಬ್ಬರು ಮೇಜಿನ ಬಳಿ ನಿಂತು ನೋಡಬಹುದು. ಅಕ್ಕ ಆರಿಸಿದ್ದು ನನ್ನನ್ನು. "ನೀನೇ ನಿಂತ್ಕೋ. ನಂಬಿಕೆ ಇರೋರು ಬೇಕು," ಎಂದು ಹೇಳಿ, ಟೆನ್ಷನ್ ತಡೆಯಲಾರದೆ ಹೊರಗೆ ಕಾರ್ ಪಾರ್ಕಿಗೆ ಹೋದಳು. ನಾನು ಅರ್ಧ ತಿಂದ ಬಿಸ್ಕತ್ತು ಕೈಯಲ್ಲಿ ಹಿಡಿದೇ ಮೇಜಿನ ಬಳಿ ನಿಂತೆ.

ಬೆಳ್ಳಿಕೂದಲಿನ ಅಜ್ಜಿಯೊಬ್ಬರು ಚೀಟಿಗಳನ್ನು ಬಿಚ್ಚಿ ಮೂರು ಗುಡ್ಡೆ ಮಾಡುತ್ತಿದ್ದರು. ಅಕ್ಕನ ಹೆಸರಿನ ಗುಡ್ಡೆಗೆ ಬೀಳುವ ಚೀಟಿಗಳನ್ನು ನೋಡಿದೆ. ಒಂದರಲ್ಲೂ ಅಕ್ಕನಿಗೆ ಎರಡಿಲ್ಲ, ಮೂರಿಲ್ಲ. ಎಲ್ಲದರಲ್ಲೂ ಒಂದು, ಒಂದು, ಒಂದು! ನನ್ನ ಚೀಟಿಯೂ ಅಲ್ಲಿಗೇ ಬಿತ್ತು. ಒತ್ತಿದ ಗುರುತು ಹಿಂಬದಿಯಲ್ಲೂ ಎದ್ದಿತ್ತು. ಇದು ಅಕ್ಕನನ್ನು ಫೇಲು ಮಾಡಿದವರ ಗುಡ್ಡೆ, ಮೂರರಲ್ಲೂ ಇದೇ ಎತ್ತರ ಎಂದು ನನಗೆ ಅರ್ಥವಾಯಿತು. ಅಯ್ಯೋ! ನಾನೊಬ್ಬ ಕೊಟ್ಟರೆ ಸಾಕಿತ್ತು. ಇಷ್ಟು ಜನ ಸೇರಿಕೊಂಡು ರ‍್ಯಾಂಕ್ ಬಂದ ನನ್ನ ಅಕ್ಕನಿಗೆ ಒಂದೊಂದು ಮಾರ್ಕ್ಸ್ ಕೊಟ್ಟಿದ್ದಾರಲ್ಲ! ಅವಳು ಕರಿದ ಪಕೋಡ ತಿಂದ ಕೈಗಳು! ಸಿಟ್ಟೆಲ್ಲ ಇಳಿದುಹೋಯಿತು. ಫೇಲಾಗುವುದು ಹೇಗಿರುತ್ತದೆ ಎಂದು ಆ ಹಾಲಿನಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ಸಮಾಧಾನ ಹೇಳಲು ಹೊರಗೆ ಓಡಿದೆ.

ಅಕ್ಕ ಕಾರಿಗೆ ಒರಗಿ ಉಗುರು ಕಚ್ಚುತ್ತಿದ್ದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟೆ. "ಅಕ್ಕ, ಧೈರ್ಯ ತಂದ್ಕೋ. ಏನ್ ಮಾಡೋಕಾಗತ್ತೆ. ತುಂಬಾ ಜನ ನಿಂಗೆ ಒಂದು ಕೊಟ್ಟಿದಾರೆ."

"ಏನು?"

"ನಿನ್ ಗುಡ್ಡೇನೇ ಎಲ್ಲಕ್ಕಿಂತ ಎತ್ತರ ಇದೆ. ಬರೀ ಒಂದೇ."

ಅಕ್ಕ ಕಿರುಚಿದಳು. ನನ್ನನ್ನು ತಬ್ಬಿಕೊಂಡು ಎತ್ತಲು ನೋಡಿದಳು. ಐವತ್ತು ದಾಟಿದ ಡಾಕ್ಟರು, ರೇಷ್ಮೆ ಸೀರೆ ಉಟ್ಟುಕೊಂಡು ಕಾರ್ ಪಾರ್ಕಿನಲ್ಲಿ ಕುಣಿದಳು. ದುಃಖಕ್ಕೆ ತಲೆ ಕೆಟ್ಟಿತು ಎಂದು ಹೆದರಿದೆ. "ಅಕ್ಕ, ಕೂತ್ಕೋ, ನೀರು ತರ್ಲಾ?" ಅನ್ನುವಷ್ಟರಲ್ಲಿ ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಹಾಲಿನೊಳಗೆ ಓಡಿಯಾಗಿತ್ತು.

ಒಳಗೆ ಹೋಗಿ ನಿಂಬೆ ಅಂಕಲ್‌ರನ್ನು ಹಿಡಿದೆ. ಲಾಯರ್‌ನ ಗುಡ್ಡೆ ಎಲ್ಲಕ್ಕಿಂತ ಸಣ್ಣದು, ಅವನನ್ನು ಆಟದಿಂದ ತೆಗೆದು, ಅವನ ಚೀಟಿಗಳನ್ನು ಅವುಗಳಲ್ಲಿದ್ದ ಎರಡನೇ ಆಯ್ಕೆಯಂತೆ ಉಳಿದಿಬ್ಬರಿಗೆ ಹಂಚುತ್ತಿದ್ದರು. "ಕಡಿಮೆ ಜನ ಫೇಲು ಮಾಡಿದವನನ್ನು ಯಾಕೆ ಹೊರಗೆ ಹಾಕ್ತಾರೆ?" ಎಂದು ಕೇಳಿದೆ.

"ಫೇಲಾ?" ಅಂದರು ಅವರು.

ನಾನು ವಿವರಿಸಿದೆ. ಮೂರು ಅಂದರೆ ಜಾಸ್ತಿ ಮಾರ್ಕ್ಸ್, ಒಂದು ಅಂದರೆ ಕಡಿಮೆ. ಅವರು ಮೆಲ್ಲಗೆ ಹೇಳಿದರು: "ಮಾರ್ಕ್ಸ್ ಅಲ್ಲ, ಮೇಟ್. ಓಟದ ಪಂದ್ಯದ ಹಾಗೆ. ಒಂದು ಅಂದರೆ ಮೊದಲು ಬಂದವರು."

ಅದೇ ಹೊತ್ತಿಗೆ ಅಜ್ಜಿ ಎದ್ದು ನಿಂತು ಓದಿದರು. ಅಕ್ಕನಿಗೆ ಇಪ್ಪತ್ತೊಂದು. ನಿಂಬೆ ಅಂಕಲ್‌ಗೆ ಇಪ್ಪತ್ತು.

ಹಾಲಿನಲ್ಲಿ ಗದ್ದಲವೆದ್ದಿತು. ನಿಂಬೆ ಅಂಕಲ್ ನನ್ನ ಮುಖ ನೋಡುತ್ತಲೇ ಇದ್ದರು. "ನನಗೆ ಎಷ್ಟು ಕೊಟ್ಟೆ?"

"ಮೂರು."

ಅವರ ತುಟಿ ಅದುರಿತು. ಬಯ್ಯುತ್ತಾರೆ ಅಂದುಕೊಂಡೆ. ಅವರು ನಗಲು ಶುರುಮಾಡಿದರು. ಕೆಮ್ಮು ಬಂದು, ಕಣ್ಣೀರು ಬಂದು, ಗೋಡೆ ಹಿಡಿದುಕೊಂಡು ನಕ್ಕರು. ಕೊನೆಗೆ ಬಾಯಿಯ ಮೇಲೆ ಬೆರಳಿಟ್ಟು, "ಯಾರಿಗೂ ಹೇಳಬೇಡ," ಎಂದು ಅಕ್ಕನಿಗೆ ಕೈಕುಲುಕಲು ಹೋದರು.

ಅಲ್ಲಿಂದ ನನ್ನ ಶಿಕ್ಷೆ ಶುರುವಾಯಿತು. ಆ ಭಾನುವಾರ ತಂಗಿ ಪರ್ತ್‌ನಿಂದ ನನಗೆ ಮೊಬೈಲಿನಲ್ಲೇ ಆರತಿ ಎತ್ತಿದಳು. "ನೋಡು ದೊಡ್ಡಣ್ಣ, ತಮ್ಮ ಅಂದ್ರೆ ಇವನು! ಒಂದು ಓಟು, ಇವನ ಓಟು!" ಅಣ್ಣ ಕನ್ನಡಕ ಒರೆಸಿಕೊಂಡು, "ಒಪ್ಕೊಂಡೆ ಕಣೋ, ನೀನೇ ಗೆಲ್ಸಿದ್ದು," ಅಂದ. ಹುಟ್ಟಿದಾಗಿನಿಂದ ಅಣ್ಣ ನನ್ನ ಬಗ್ಗೆ ಒಪ್ಪಿಕೊಂಡ ಮೊದಲ ವಿಷಯ ಅದು. ಅಕ್ಕನಂತೂ ಹೋದಲ್ಲೆಲ್ಲ ಹೊಸ ಸಾಲೊಂದನ್ನು ಭಾಷಣಕ್ಕೆ ಸೇರಿಸಿದಳು: ನಾನು ಒಂದು ಓಟಿನಿಂದ ಗೆದ್ದೆ, ಅದು ನನ್ನ ತಮ್ಮ ಈ ದೇಶದಲ್ಲಿ ಹಾಕಿದ ಮೊದಲ ಓಟು. ಜನ ಎದ್ದು ನಿಂತು ಚಪ್ಪಾಳೆ ತಟ್ಟುವರು. ನಾನು ಹಿಂದಿನ ಸಾಲಿನಲ್ಲಿ ಕೈಮುಗಿಯುವೆ. ಒಂದೊಂದು ಚಪ್ಪಾಳೆಯೂ ಕೆನ್ನೆಗೆ ಬಿದ್ದ ಹಾಗೆ.

ನಾಲ್ಕನೇ ಸಭೆಗೆ ಹೋಗುವಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ಮಧ್ಯಾಹ್ನ ಎರಡರ ಬಿಸಿಲು.

"ಅಕ್ಕ, ಇವತ್ತು ಆ ಓಟಿನ ಮಾತು ಬೇಡ."

"ಯಾಕೋ? ಜನಕ್ಕೆ ಅದೇ ಇಷ್ಟ. ಹೋದ್ಸಲ ಒಬ್ರು ಕಣ್ಣೊರೆಸ್ಕೊಂಡ್ರು."

"ನಾನು ನಿಂಗೆ ಹಾಕ್ಲಿಲ್ಲ."

ಹೇಳಿಬಿಟ್ಟೆ. ಮೂರು ಅಂಕಿಯನ್ನೂ, ಮಾರ್ಕ್ಸನ್ನೂ, ಎಲ್ಲವನ್ನೂ. ಅಕ್ಕ ಕಾರನ್ನು ಒಂದು ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ತಿರುಗಿಸಿ, ಪಂಪಿನ ಪಕ್ಕ ನಿಲ್ಲಿಸಿದಳು. ಗಾಜಿನಾಚೆ ನೋಡುತ್ತ ಕೂತಳು. ಹಿಂದಿನ ಕಾರಿನವನು ಹಾರನ್ ಹೊಡೆದ.

"ಅಂದ್ರೆ ಅವತ್ತು ಕಾರ್ ಪಾರ್ಕಿಗೆ ಬಂದಿದ್ದು... ನನ್ನನ್ನ ಸಮಾಧಾನ ಮಾಡಕ್ಕಾ?"

"ಹೂಂ."

ಅಕ್ಕ ಸ್ಟೀರಿಂಗ್ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು. "ನೀರು ತರ್ಲಾ ಅಂದ್ಯಲ್ಲೋ! ಅಯ್ಯೋ ದೇವ್ರೇ, ನೀರು ತರ್ಲಾ ಅಂದ್ಯಲ್ಲೋ!" ನಾನೂ ನಕ್ಕೆ. ಕಾರು ಅಲ್ಲಾಡುವಷ್ಟು ನಕ್ಕೆವು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು, "ಯಾಕೋ ಹಂಗ್ ಮಾಡ್ದೆ?"

"ಮೂರು ಸಲ ಫೇಲು ಅಂತ ಎಲ್ಲರ ಮುಂದೆ ಹೇಳಿದ್ಯಲ್ಲ, ಅದಕ್ಕೆ."

"ಅದು ಹೆಮ್ಮೆಯಿಂದ ಹೇಳಿದ್ದು ಕಣೋ."

"ಹೆಮ್ಮೆ ನಿಂದು. ಫೇಲಾಗಿದ್ದು ನಾನು."

ನಗು ನಿಂತಿತು. ಅಕ್ಕ ಗೇರ್ ಹಾಕಿದಳು. ಮೂರನೇ ಸಿಗ್ನಲ್‌ನಲ್ಲಿ ನಿಂತಾಗ, "ಎರಡು ಯಾರಿಗೆ ಕೊಟ್ಟೆ?" ಅಂದಳು.

"ಲಾಯರ್‌ಗೆ."

"ಲಾಯರ್‌ಗಾ?" ಅವಳು ಪೂರ್ತಿ ನನ್ನ ಕಡೆ ತಿರುಗಿದಳು. "ನಿಂಬೆ ಅಂಕಲ್‌ಗೆ ಮೂರು, ಒಪ್ಕೋತೀನಿ. ಆ ಮೀಸೆ ಬರದೋನಿಗಿಂತ ನಾನು ಕಡೆನಾ?"

ಅವಳು ಕ್ಷಮಿಸಲಾಗದೆ ಹೋದದ್ದು ಇದೊಂದನ್ನು. ಅಂದಿನ ಸಭೆಯಲ್ಲಿ ಆ ಸಾಲು ಬರಬೇಕಾದ ಜಾಗಕ್ಕೆ ಬಂದಾಗ ಅಕ್ಕ ತಡೆದಳು. ಅವಳು ಒಂದು ಗುಟುಕು ನೀರು ಕುಡಿದು, ಬಸ್ಸುಗಳ ವಿಷಯಕ್ಕೆ ಹೋದಳು. ಫೇಲಾದ ತಮ್ಮನ ಸಾಲೂ ಬರಲಿಲ್ಲ. ಆಮೇಲೆ ಯಾವ ಸಭೆಯಲ್ಲೂ ಬರಲಿಲ್ಲ. ನನ್ನ ಜೊತೆ ಮಾತ್ರ ಎರಡು ವಾರ ಮಾತಿರಲಿಲ್ಲ. ಕರಿಬೇವು ಬೇಕಾದಾಗ ಭಾವನನ್ನು ಕಳಿಸುತ್ತಿದ್ದಳು. ಅವರು ಸೊಪ್ಪು ಕೊಯ್ಯುತ್ತ, "ಲಾಯರ್‌ಗೆ ಯಾಕಪ್ಪ ಕೊಟ್ಟೆ, ನಾನು ಮನೇಲಿರಬೇಕಲ್ಲ," ಅನ್ನುತ್ತಿದ್ದರು.

ಮೂರನೇ ಭಾನುವಾರ ಅಕ್ಕ ಎಲ್ಲವನ್ನೂ ಅಣ್ಣ, ತಂಗಿಯರಿಗೆ ಹೇಳಿಬಿಟ್ಟಳು. ತಂಗಿ ಎತ್ತಿದ ಆರತಿಯನ್ನು ವಾಪಸ್ ಕೇಳಿದಳು. ಅಣ್ಣ ಕುರ್ಚಿಯಿಂದ ಎದ್ದ. "ನೋಡಿದ್ರಾ? ನಾನು ಹೇಳ್ಲಿಲ್ವಾ? ಲಾಯರ್‌ಗೆ ಎರಡು! ಗ್ರಾಫ್ ಕೆಲ್ಸ ಮಾಡಿದೆ!" ತಂಗಿ ಗ್ರೂಪ್ ಬಿಟ್ಟು ಹೋದಳು.

ಸಂಜೆ ಅಕ್ಕ ಒಂದು ಕಟ್ಟು ಕರಪತ್ರ ಹಿಡಿದು ನನ್ನ ಮನೆಗೆ ಬಂದಳು. ಬೇಲಿಯಾಚೆ ನಿಂಬೆ ಅಂಕಲ್ ಆಗಲೇ ತಮ್ಮ ಪಾಲಿನ ಕಟ್ಟನ್ನು ಬಗಲಲ್ಲಿಟ್ಟುಕೊಂಡು ನಿಂತಿದ್ದರು. ಸೋತವರು ಗೆದ್ದವಳಿಗಾಗಿ ಮನೆ ಮನೆ ತಿರುಗುತ್ತಿದ್ದರು.

"ನಮ್ಮ ಕಡೆಯವ್ರು ತುಂಬಾ ಜನ ಹೊಸದಾಗಿ ಸಿಟಿಜನ್ ಆಗಿದಾರೆ," ಅಂದಳು ಅಕ್ಕ. "ಅಂಕಿ ಹೆಂಗ್ ಹಾಕೋದು ಅಂತ ಅವ್ರಿಗ್ ನೀನೇ ಹೇಳ್ಕೊಡು."

"ನಾನಾ?"

"ತಪ್ಪು ಎಲ್ಲಾಗತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗ್ ಗೊತ್ತು?"

ಈಗ ಶನಿವಾರಗಳಲ್ಲಿ ಬಾಗಿಲು ತಟ್ಟುತ್ತೇನೆ. ಇದು ಮಾರ್ಕ್ಸ್ ಅಲ್ಲ ಅಮ್ಮ, ರ‍್ಯಾಂಕ್, ಅನ್ನುತ್ತೇನೆ. ನಮ್ಮ ಜನಕ್ಕೆ ತಕ್ಷಣ ಅರ್ಥವಾಗುತ್ತದೆ.

ಕಾರಿನಲ್ಲಿ ಹೇಳದೆ ಉಳಿದದ್ದು ಒಂದಿದೆ. ಅಂದು ಅಕ್ಕನ ಹೆಸರಿನ ಮುಂದೆ ಒಂದು ಎಂದು ಒತ್ತಿ ಬರೆಯುವಾಗ ನನಗೆ ಖುಷಿಯಾಗಿತ್ತು. ನನ್ನ ಫಾರ್ಮುಗಳನ್ನು ತುಂಬಿದವಳನ್ನು ಫೇಲು ಮಾಡುತ್ತಿದ್ದೇನೆ ಎಂದು ಮೈಯೆಲ್ಲ ಹಗುರಾಗಿತ್ತು. ಅಂಕಿ ತಪ್ಪಿದ್ದಕ್ಕೆ ಎಲ್ಲರೂ ನಕ್ಕು ಮುಗಿಸಿದ್ದಾರೆ. ಈ ಖುಷಿ ಯಾರಿಗೂ ಗೊತ್ತಿಲ್ಲ, ಇದು ನಗುವ ವಿಷಯವೂ ಅಲ್ಲ. ಬಾಯಿಂದ ಹೇಳಲು ಆಗಲಿಲ್ಲವೆಂದು ಬರೆದಿದ್ದೇನೆ. ಅಕ್ಕ ಓದುತ್ತಾಳೆ. ಓದುವಾಗ ಕೆಂಪು ಪೆನ್ನು ಹಿಡಿದಿರುತ್ತಾಳೆ, ಅದೂ ಗೊತ್ತು. ತಿದ್ದು ಅಕ್ಕ. ಆದರೆ ನೆನಪಿರಲಿ, ಕನ್ನಡದಲ್ಲಿ ನಾನು ಒಂದು ಸಲವೂ ಫೇಲಾಗಿಲ್ಲ.